ಹಿಂದಿನ ಸಾಲಿನ ಮನೆಗಳ ಬಿಸಿಲು ಕಿತ್ತುಕೊಳ್ಳದೆ ಅಪಾರ್ಟ್‌ಮೆಂಟ್ ಕಟ್ಟೋದು ಹೇಗೆ? (ಮೈಸೂರು, 120×80 ಕಾರ್ನರ್ ಸೈಟು)

ಹಳೇಮನೆ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ರಾಮಕೃಷ್ಣನಗರದ ಕಡೆ ನಮ್ಮದೊಂದು ಹಳೇ ಮನೆ ಇದೆ. ಪಕ್ಕದ ಮನೆ ಚಿಕ್ಕಪ್ಪನದು. ಎರಡೂ 60×80 ಸೈಟು. ಅಪ್ಪನಿಗೂ ಚಿಕ್ಕಪ್ಪನಿಗೂ ವಯಸ್ಸಾಯಿತು, ಮಳೆ ಬಂದರೆ ಹಿಂದಿನ ರೂಮು ಸೋರುತ್ತದೆ, ನಾವು ಮಕ್ಕಳೆಲ್ಲ ಬೆಂಗಳೂರು ಸೇರಿದ್ದೇವೆ. ಹಾಗಾಗಿ ಎರಡೂ ಸೈಟು ಸೇರಿಸಿ ಒಬ್ಬ ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ (ಜಾಗ ನಮ್ಮದು, ಕಟ್ಟೋದು ಅವರು, ಫ್ಲ್ಯಾಟು ಇಬ್ಬರಿಗೂ ಹಂಚಿಕೆ) ಮಾತಾಡಿದ್ದೇವೆ. ಅಗ್ರಿಮೆಂಟಿಗೆ ಇನ್ನೂ ಸಹಿ ಬಿದ್ದಿಲ್ಲ.

ಜಾಗ ಹೀಗಿದೆ. ಮುಂದುಗಡೆ 120 ಅಡಿ, ಆಳ 80 ಅಡಿ. ದಕ್ಷಿಣಕ್ಕೆ ಮೇನ್ ರೋಡು, ಪೂರ್ವಕ್ಕೆ ಕ್ರಾಸ್ ರೋಡು. ಪಶ್ಚಿಮಕ್ಕೆ ಒಂದು ಡೂಪ್ಲೆಕ್ಸ್. ಉತ್ತರಕ್ಕೆ, ಅಂದರೆ ಹಿಂದುಗಡೆ, ಮೂರು 40×60 ಮನೆಗಳ ಹಿತ್ತಿಲು ನಮ್ಮ ಕಾಂಪೌಂಡಿಗೆ ತಾಗಿಕೊಂಡಿವೆ. ಆ ಮೂರರಲ್ಲಿ ಒಂದು ಮಾತ್ರ ಮಹಡಿ ಮನೆ. ಉಳಿದ ಎರಡು ಬರೀ ಗ್ರೌಂಡ್ ಫ್ಲೋರ್. ನಡುವಿನದು ಒಬ್ಬರು ಅಜ್ಜಿಯದು. ಪಶ್ಚಿಮದ ಕೊನೆಯದು ನಮಗೆ ಮಗ್ಗಿ ಹೇಳಿಕೊಟ್ಟ ಮೇಷ್ಟ್ರದು.

ಬಿಲ್ಡರ್ ತಂದ ಡ್ರಾಯಿಂಗ್‌ನಲ್ಲಿ ಸ್ಟಿಲ್ಟ್ ಪಾರ್ಕಿಂಗ್ (ನೆಲಮಟ್ಟದಲ್ಲಿ ಬರೀ ಕಂಬಗಳ ನಡುವೆ ಕಾರು ನಿಲ್ಲಿಸೋ ಜಾಗ), ಮೇಲೆ ಐದು ಫ್ಲೋರು. ಹಿಂದುಗಡೆ ಉದ್ದಕ್ಕೂ ಯುಟಿಲಿಟಿ ಬಾಲ್ಕನಿ. ಅಂದರೆ ಹದಿನೈದು ಫ್ಲ್ಯಾಟಿನ ವಾಷಿಂಗ್ ಮೆಷಿನ್ನು, ಪೊರಕೆ, ಒದ್ದೆ ಬಟ್ಟೆ ಎಲ್ಲ ಅಜ್ಜಿ ಹಿತ್ತಿಲಿನ ಮೇಲೆ ನೇತಾಡುತ್ತವೆ. ನಾನು ಕೇಳಿದ್ದಕ್ಕೆ ಅವರು "ರೂಲ್ಸ್ ಪ್ರಕಾರ ಸೆಟ್‌ಬ್ಯಾಕ್ ಬಿಟ್ಟಿದ್ದೀವಲ್ಲ ಸಾರ್" ಅಂದರು. (ಸೆಟ್‌ಬ್ಯಾಕ್ ಅಂದರೆ ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಖಾಲಿ ಬಿಡೋ ಜಾಗ.) ಅಮ್ಮ ಒಂದೇ ಮಾತು ಹೇಳಿದರು: ಕಟ್ಟಿಸಿ, ಆದರೆ ಗೃಹಪ್ರವೇಶಕ್ಕೆ ಅವರನ್ನ ಕರೆಯೋಕೆ ನನಗೆ ಮುಖ ಇರಬೇಕು.

ನಾನು ಸಾಫ್ಟ್‌ವೇರಿನವನು, ಇದೆಲ್ಲ ಗೊತ್ತಿಲ್ಲ. ಬಿಲ್ಡರಿಗೆ ನಷ್ಟ ಆಗದ ಹಾಗೆ, ಹಿಂದಿನವರಿಗೂ ಬಿಸಿಲು ಗಾಳಿ ಉಳಿಯುವ ಹಾಗೆ ಏನು ಕೇಳಬಹುದು? ನಾನು ಕೇಳೋದು ಅತಿಯಾಯಿತೆ ಅಂತಲೂ ಹೇಳಿ.

ನಕ್ಷೆಪುಟ್ಟ

ಅತಿ ಏನಲ್ಲ. ಸಹಿ ಹಾಕೋಕೆ ಮುಂಚೆ ಕೇಳಿದ್ದೀರಲ್ಲ, ಅದೇ ದೊಡ್ಡದು. ನಾನು ಆರ್ಕಿಟೆಕ್ಟ್, ಮೈಸೂರಲ್ಲೇ ಇದ್ದೇನೆ.

ಮೊದಲು ಆ ಐದನೇ ಫ್ಲೋರಿನ ವಿಷಯ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ಪಟ್ಟಿಯಲ್ಲಿ ಕಟ್ಟಡ ಎತ್ತರ ಆದ ಹಾಗೆ ಸುತ್ತ ಬಿಡುವ ಜಾಗವೂ ಜಾಸ್ತಿ ಆಗುತ್ತದೆ. 10 ಮೀಟರ್ ಎತ್ತರಕ್ಕೆ 3 ಮೀಟರ್, 15ಕ್ಕೆ 5, 18ಕ್ಕೆ 6, 21ಕ್ಕೆ 7. ನಮ್ಮಲ್ಲಿ ನಡೆಯೋದು ಊರಿನ ಅಭಿವೃದ್ಧಿ ಪ್ರಾಧಿಕಾರದ ಜೋನಲ್ ನಿಯಮ, ಸ್ಟಿಲ್ಟ್ ಎತ್ತರ ಲೆಕ್ಕಕ್ಕೆ ಬರುತ್ತದಾ ಅನ್ನೋದನ್ನ ಅದರಲ್ಲೇ ನೋಡಬೇಕು. ನಾನು ನೆಲದಿಂದಲೇ ಅಳೆದಿದ್ದೇನೆ. ಈಗ ಲೆಕ್ಕ ಮಾಡಿ. ನಿಮ್ಮ ಜಾಗ 36.6 ಮೀಟರ್ × 24.4 ಮೀಟರ್. ಸ್ಟಿಲ್ಟ್ ಮತ್ತು ನಾಲ್ಕು ಫ್ಲೋರು ಅಂದರೆ ಹೆಚ್ಚುಕಡಿಮೆ 14.7 ಮೀಟರ್. ಸುತ್ತ 5 ಮೀಟರ್ ಬಿಟ್ಟರೆ ಉಳಿಯೋದು 26.6 × 14.4, ಅಂದರೆ ಫ್ಲೋರಿಗೆ 383 ಚದರ ಮೀಟರ್. ನಾಲ್ಕಕ್ಕೆ 1532. ಐದು ಫ್ಲೋರು ಮಾಡಿದರೆ 17.7 ಮೀಟರ್ ಆಗುತ್ತದೆ, 6 ಮೀಟರ್ ಬಿಡಬೇಕು. ಆಗ 24.6 × 12.4, ಫ್ಲೋರಿಗೆ 305. ಐದಕ್ಕೆ 1525.

ಇನ್ನೊಂದು ಸಲ ಓದಿ. ಒಂದು ಫ್ಲೋರು ಜಾಸ್ತಿ ಕಟ್ಟಿ 7 ಚದರ ಮೀಟರ್ ಕಳೆದುಕೊಳ್ಳುತ್ತೀರ. ಜೊತೆಗೆ ಬಿಲ್ಡಿಂಗ್ ಕೋಡಿನಲ್ಲಿ 15 ಮೀಟರ್ ಮುಟ್ಟಿದರೆ ಹೈರೈಸ್ ಅಂತಲೇ ಕರೆಯುತ್ತಾರೆ, ಬೆಂಕಿ ಸುರಕ್ಷತೆಯ ಖರ್ಚು ಬೇರೆ ಲೆಕ್ಕಕ್ಕೆ ಹೋಗುತ್ತದೆ. ಇನ್ನೂ ಒಂದು ಸ್ಲ್ಯಾಬಿನ ಕಂಬಿ, ಕಾಂಕ್ರೀಟು. ಬಿಲ್ಡರ್ ಐದು ತೋರಿಸಿದ್ದಾರೆ ಅಂದರೆ ಒಂದೋ ಈ ಗುಣಾಕಾರ ಮಾಡಿಲ್ಲ, ಇಲ್ಲ 6 ಮೀಟರ್ ಬಿಡೋ ಯೋಚನೆಯೇ ಇಲ್ಲ. ಡ್ರಾಯಿಂಗ್‌ನಲ್ಲಿ ಹಿಂದಿನ ಸೆಟ್‌ಬ್ಯಾಕ್ ಎಷ್ಟಿದೆ ಅಂತ ಸ್ಕೇಲ್ ಇಟ್ಟು ನೋಡಿ.

ಇನ್ನು ಬಿಸಿಲು. ನಿಮ್ಮ ದುರದೃಷ್ಟ ಅಂದರೆ ನೀವು ದಕ್ಷಿಣಕ್ಕಿದ್ದೀರ, ಅವರು ಉತ್ತರಕ್ಕೆ. ಮೈಸೂರು ಇರೋದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ನಡು ಮಧ್ಯಾಹ್ನ ಕೂಡ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿಯಷ್ಟೇ ಏರುತ್ತಾನೆ. ಕಟ್ಟಡದ ಎತ್ತರದ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಉದ್ದದ ನೆರಳು ಉತ್ತರಕ್ಕೆ ಬೀಳುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಅದೇ ನೆರಳು ಎತ್ತರದ ಒಂದೂವರೆ ಪಟ್ಟು ಇರುತ್ತದೆ, ವಾಯುವ್ಯಕ್ಕೆ ಓರೆಯಾಗಿ. ಏಪ್ರಿಲ್ 22ರ ಆಸುಪಾಸು ಸೂರ್ಯ ನೆತ್ತಿಗೇ ಬರುತ್ತಾನೆ, ಜೂನ್‌ನಲ್ಲಿ ಉತ್ತರಕ್ಕೆ ದಾಟಿಬಿಡುತ್ತಾನೆ, ಆಗ ನಿಮ್ಮ ನೆರಳು ನಿಮ್ಮ ರೋಡಿನ ಕಡೆಗೇ ಬೀಳುತ್ತದೆ. ಹಾಗಾಗಿ ಬೇಸಿಗೆಯ ಸಂಡಿಗೆ ಹಪ್ಪಳಕ್ಕೆ ತೊಂದರೆ ಇಲ್ಲ. ತೊಂದರೆ ಚಳಿಗಾಲದ ಸೋಲಾರಿಗೆ. ಬಿಸಿನೀರು ಬೇಕಾಗೋದೂ ಆಗಲೇ ಅಲ್ವಾ. ನಮ್ಮೂರಲ್ಲಿ ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿಯೇ ಇಡುತ್ತಾರೆ, ಅಂದರೆ ನೇರ ನಿಮ್ಮ ಕಟ್ಟಡದ ಮುಖಕ್ಕೆ.

ಪರಿಹಾರ ಹಳೇದೇ. ಎತ್ತರ ಎಲ್ಲ ಮೇನ್ ರೋಡಿನ ಕಡೆ ಇರಲಿ, ಮನೆಗಳ ಕಡೆ ಇಳಿಸಿ. ನಾಲ್ಕನೇ ಫ್ಲೋರನ್ನ ಹಿಂದಿನಿಂದ 3 ಮೀಟರ್ ಒಳಗೆ ಎಳೆಯಿರಿ. ಅಲ್ಲಿ ಉಳಿಯುವ ಜಾಗ ಮೇಲಿನ ಮೂರು ಫ್ಲ್ಯಾಟಿಗೆ ಸ್ವಂತ ಟೆರೇಸು. ಅದಕ್ಕೆ ಗಟ್ಟಿ ಪ್ಯಾರಾಪೆಟ್ ಬೇಡ, ಗ್ರಿಲ್ ಹಾಕಿ, ಬೆಳಕು ದಾಟಿಹೋಗುತ್ತದೆ. ಸುಮಾರು 80 ಚದರ ಮೀಟರ್ ಬಿಲ್ಟ್‌ಅಪ್ ಹೋಗುತ್ತದೆ ನಿಜ, ಆದರೆ ಟೆರೇಸ್ ಇರೋ ಫ್ಲ್ಯಾಟನ್ನ ಬಿಲ್ಡರ್ ಜಾಸ್ತಿ ರೇಟಿಗೆ ಮಾರುತ್ತಾರೆ. ಸುಮ್ನೆ ಅಳೋಕೆ ಬಿಡಬೇಡಿ.

ಬಿರುಕು ಗೋಡೆ

ನಾನು ಆ ಕಡೆಯವಳು. ಅಂದರೆ ಹಿಂದಿನ ಮನೆಯವಳು. ಊರಿನ ಇನ್ನೊಂದು ಮೂಲೆಯಲ್ಲಿ, ಮೂರು ವರ್ಷದ ಹಿಂದೆ ನಮ್ಮ ಪಕ್ಕ ಇಂಥದ್ದೇ ಒಂದು ಬಂತು. ಕಟ್ಟಿಸಿದವರ ಹೆಸರು ಬೇಡ.

ಬಿಸಿಲಿಗೆ ಹೊಂದಿಕೊಂಡೆವು ರೀ. ಹೊಂದಿಕೊಳ್ಳೋಕೆ ಆಗದ್ದು ಸಣ್ಣ ಸಣ್ಣ ವಿಷಯಗಳು, ಅವು ಯಾವ ಡ್ರಾಯಿಂಗಲ್ಲೂ ಕಾಣಿಸಲ್ಲ. ವಾಚ್‌ಮನ್ ಟಾಯ್ಲೆಟ್ಟನ್ನ ಹಿಂದಿನ ಮೂಲೆಯಲ್ಲಿ ಕಟ್ಟಿದರು, ಅದು ನಮ್ಮ ಅಡುಗೆಮನೆ ಕಿಟಕಿಗೆ ಸರಿಯಾಗಿ ಆರಡಿ. ಅವರಿಗೆ ಅದು ಮೂಲೆ, ನಮಗೆ ಅದು ಒಲೆ ಮುಂದೆ. ಜನರೇಟರ್ ಹಿಂದುಗಡೆ ಇಟ್ಟರು, ಮುಂದೆ ಇಟ್ಟರೆ ಎಲಿವೇಷನ್, ಅಂದರೆ ಮುಂದಿನ ನೋಟ, ಹಾಳಾಗುತ್ತದೆ ಅಂತ. ಕರೆಂಟ್ ಹೋದಾಗ ಹೊಗೆ ನಮ್ಮ ರೂಮಿಗೆ. ಸ್ಟಿಲ್ಟಿನಲ್ಲಿ ಕಾರು ತಿರುಗಿಸುವಾಗ ಹೆಡ್‌ಲೈಟು ನಮ್ಮ ಮಲಗೋ ಕೋಣೆಯ ಗೋಡೆ ಮೇಲೆ ಒಂದು ಸುತ್ತು ಹೊಡೆದು ಹೋಗುತ್ತದೆ, ರಾತ್ರಿ ಹನ್ನೊಂದಕ್ಕೂ, ಎರಡಕ್ಕೂ. ನಮ್ಮ ಅತ್ತೆಯವರು ಮೊದಲ ವಾರ ಯಾರೋ ಟಾರ್ಚ್ ಬಿಡುತ್ತಿದ್ದಾರೆ ಅಂತ ಹೆದರಿಕೊಂಡಿದ್ದರು. ಕಾಂಪೌಂಡನ್ನ ಎರಡು ಅಡಿ ಎತ್ತರಿಸಿ ಅಂತ ಕೇಳೋಕೆ ಹೋದರೆ "ಸೊಸೈಟಿಗೆ ಹೇಳಿ" ಅಂದರು. ಸೊಸೈಟಿ ಆಗ ಇನ್ನೂ ಆಗೇ ಇರಲಿಲ್ಲ.

ಇನ್ನು ಹೆಸರಿನಲ್ಲೇ ಇದೆಯಲ್ಲ. ಪಾಯ ತೋಡುವಾಗ ನಮ್ಮ ಹಿಂದಿನ ಗೋಡೆ ಬಿರುಕು ಬಿಟ್ಟಿತು. ಅದು ಹಳೇ ಬಿರುಕು ಅಂದರು. ನನ್ನ ಹತ್ತಿರ ಹಳೇ ಫೋಟೋ ಇರಲಿಲ್ಲ. ಮುಗಿಯಿತು.

ಹಾಗಾಗಿ ಕೇಳುತ್ತಿದ್ದೀರಲ್ಲ, ಸಂತೋಷ ಆಯಿತು. ನಮ್ಮನ್ನ ಯಾರೂ ಕೇಳಲಿಲ್ಲ, ಗೃಹಪ್ರವೇಶಕ್ಕೆ ಮಾತ್ರ ಕಾರ್ಡ್ ಬಂತು.

ರಿಂಗ್‌ರೋಡ್ ರಾಜ

ಎಲ್ಲರೂ ಬಿಲ್ಡರನ್ನ ಬೈಯೋದೇ ಆಯಿತು. ಸ್ವಲ್ಪ ಆ ಕಡೆಯಿಂದಲೂ ನೋಡಿ ಗುರುಗಳೇ. 2023ರಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಆದಮೇಲೆ ಮೈಸೂರಲ್ಲಿ ಮನೆ ಹುಡುಕೋರು ಕಡಿಮೆ ಆಗಿದ್ದಾರಾ? ಎಲ್ಲರಿಗೂ 40×60 ಎಲ್ಲಿಂದ ತರೋದು? ಬೋಗಾದಿ ದಾಟಿ, ಊರಾಚೆ ಹೊಲ ಗದ್ದೆಯಲ್ಲಿ ಲೇಔಟ್ ಮಾಡಿ ಜನ ದಿನಾ ಹದಿನೈದು ಕಿಲೋಮೀಟರ್ ಗಾಡಿ ಓಡಿಸೋದಕ್ಕಿಂತ, ಬಸ್ಸು ನೀರು ಒಳಚರಂಡಿ ಎಲ್ಲ ಇರೋ ಕಡೆ ಮೇನ್ ರೋಡಿನ ಮೇಲೆ ನಾಲ್ಕು ಫ್ಲೋರು ಏಳೋದೇ ಸರಿ. ಎರಡು ಕುಟುಂಬ ಇದ್ದ ಜಾಗದಲ್ಲಿ ಹನ್ನೆರಡು ಕುಟುಂಬ ಬದುಕುತ್ತವೆ.

ಅಜ್ಜಿಗೆ ತೊಂದರೆ ಆಗಬಾರದು, ಒಪ್ಪಿದೆ. ಆದರೆ ನಾಳೆ ಅಜ್ಜಿ ಮಕ್ಕಳೇ ಅದನ್ನ ಬಿಲ್ಡರಿಗೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ.

ಗಾರೆಕೈ

ಮೇಲಿನವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಕಟ್ಟಲಿ. ಹೇಗೆ ಕಟ್ಟುತ್ತಾರೆ ಅನ್ನೋದೇ ಪ್ರಶ್ನೆ. ನಾನು ಸೈಟ್ ಇಂಜಿನಿಯರ್, ಹದಿನೆಂಟು ವರ್ಷದಿಂದ ಇದೇ ಧೂಳು.

ಬೇಸ್‌ಮೆಂಟ್ ಬೇಡವೇ ಬೇಡ. ಸ್ಟಿಲ್ಟ್ ಸಾಕು. ಹನ್ನೆರಡು ಫ್ಲ್ಯಾಟಿಗೆ ಹನ್ನೆರಡು ಕಾರು ಆ 383 ಚದರ ಮೀಟರಲ್ಲಿ ಕೂರುತ್ತವೆ, ಆದರೆ ಕಾಲಂ ಸರಿಯಾಗಿ ಇಟ್ಟರೆ ಮಾತ್ರ. ಎರಡು ಕಾಲಂ ನಡುವೆ 5 ಮೀಟರ್ ಖಾಲಿ ಜಾಗ ಸಿಕ್ಕರೆ ಎರಡು ಕಾರು. 4.2 ಸಿಕ್ಕರೆ ಒಂದು ಕಾರು, ಒಂದು ಜಗಳ. ಮೇಲಿನ ರೂಮಿನ ಗೋಡೆ ನೋಡಿಕೊಂಡು ಕಾಲಂ ಇಟ್ಟು ಆಮೇಲೆ ಪಾರ್ಕಿಂಗ್ ತುರುಕುತ್ತಾರೆ. ಉಲ್ಟಾ ಮಾಡಿಸಿ. ಪಾರ್ಕಿಂಗ್ ಸಾಲದೆ ಇದ್ದರೆ ಆ ಕಾರುಗಳೆಲ್ಲ ಕ್ರಾಸ್ ರೋಡಲ್ಲಿ ಹಿಂದಿನ ಮೂಲೆ ಮನೆಯವರ ಪಕ್ಕ ನಿಲ್ಲುತ್ತವೆ.

ಸಂಪು ಜೋಪಾನ. ವಾಸ್ತು ಅಂತ ಈಶಾನ್ಯದಲ್ಲೇ ತೋಡುತ್ತಾರೆ. ನಿಮ್ಮ ಈಶಾನ್ಯ ಅಂದರೆ ಹಿಂದಿನ ಮೂಲೆ ಮನೆಯವರ ಕಾಂಪೌಂಡಿನ ಬುಡ. ಹಳೇ ಕಾಂಪೌಂಡು ಸೈಜುಗಲ್ಲಿನ ಮೇಲೆ ಕೂತಿರುತ್ತದೆ, ಪಾಯ ಎರಡಡಿ ಇದ್ದರೆ ಹೆಚ್ಚು. ಅದರ ಪಕ್ಕ ಹತ್ತು ಅಡಿ ಗುಂಡಿ ತೋಡಿ ಮಳೆ ಬಂದರೆ ಮಣ್ಣು ಜಾರಿ ಗೋಡೆ ಒಳಗೆ ಬರುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಕಾಂಪೌಂಡಿನಿಂದ ಕನಿಷ್ಠ ಎಂಟು ಹತ್ತು ಅಡಿ ಈಚೆ ಬಂದರೂ ಅದು ಈಶಾನ್ಯವೇ, ದೇವರು ಟೇಪು ಹಿಡಿದು ಅಳೆಯಲ್ಲ. ಬೇಸಿಗೆಯಲ್ಲೇ ತೋಡಿ ಗೋಡೆ ಎಬ್ಬಿಸಿಬಿಡಿ.

ವಾಸ್ತು ನಿಮ್ಮ ಪರವಾಗಿಯೂ ಇದೆ ನೋಡಿ. ಓವರ್‌ಹೆಡ್ ಟ್ಯಾಂಕ್ ನೈಋತ್ಯದಲ್ಲಿ ಇರಬೇಕು ಅನ್ನುತ್ತಾರೆ, ಅಂದರೆ ಮೇನ್ ರೋಡಿನ ಕಡೆ, ಉತ್ತರದವರಿಗೆ ನೆರಳು ಕಡಿಮೆ. ಜನರೇಟರ್ ಅಗ್ನಿಗೆ ಸಂಬಂಧಪಟ್ಟಿದ್ದು, ಆಗ್ನೇಯ. ನಿಮ್ಮ ಆಗ್ನೇಯ ಎರಡು ರೋಡು ಕೂಡೋ ಮೂಲೆ, ಯಾರ ಕಿಟಕಿಯೂ ಹತ್ತಿರ ಇಲ್ಲ. ಬಿಲ್ಡರಿಗೆ ನೆರಳಿನ ಲೆಕ್ಕ ಹೇಳಿದರೆ ಆಕಳಿಸುತ್ತಾರೆ, ವಾಸ್ತು ಅನ್ನಿ, ಎದ್ದು ಕೂರುತ್ತಾರೆ.

ಬಿರುಕಿನ ಮೇಡಂಗೆ ಆದದ್ದು ನಿಮ್ಮವರಿಗೆ ಆಗಬಾರದು ಅಂದರೆ, ಜೆಸಿಬಿ ಬರೋಕೆ ಮುಂಚೆ ನಾಲ್ಕೂ ಮನೆಯ ಗೋಡೆ, ಸಂಪು, ಕಾಂಪೌಂಡು ಎಲ್ಲದರ ಫೋಟೋ ತೆಗೆಯಿರಿ. ಆ ದಿನದ ಪೇಪರ್ ಪಕ್ಕದಲ್ಲಿಟ್ಟು. ಒಂದು ಪ್ರತಿ ಅವರಿಗೆ, ಒಂದು ನಿಮಗೆ, ಒಂದು ಬಿಲ್ಡರಿಗೆ. ಹಳೇ ಬಿರುಕು ಇದ್ದರೆ ಅದರ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಆಮೇಲೆ ಗೆರೆ ದಾಟಿದರೆ ಮಾತಾಡೋಕೆ ಏನೂ ಉಳಿಯಲ್ಲ.

ನಿವೃತ್ತ ಟೇಪು

ನಾನು ಪ್ಲಾನ್ ಪರಿಶೀಲಿಸುವ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡವನು. ಒಂದೆರಡು ಮಾತು.

ನಮ್ಮೂರಿಗೆ ಈ ಜಗಳ ಹೊಸದು, ಬಡಾವಣೆ ಹೊಸದಲ್ಲ. ಪ್ಲೇಗ್ ಬಂದು ಹೋದಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಗಾಳಿ ಬೆಳಕು ಬೇಕು ಅಂತಲೇ ಅಗಲ ರಸ್ತೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ (ಎರಡು ಸಾಲಿನ ಹಿತ್ತಿಲುಗಳ ನಡುವಿನ ಸಣ್ಣ ಓಣಿ) ಬಿಟ್ಟು ಹಳೇ ಬಡಾವಣೆಗಳನ್ನ ಮಾಡಿದರು. ಇವತ್ತು ಆ ಗಲ್ಲಿಗಳನ್ನ ಕಸ ಹಾಕೋಕೆ ಇರೋ ಜಾಗ ಅಂದುಕೊಂಡಿದ್ದೇವೆ, ಆದರೆ ಎರಡು ಸಾಲು ಮನೆಗಳ ನಡುವೆ ಅದೊಂದೇ ಉಸಿರು. ನಿಮ್ಮ ಹಿಂದೆ ಅಂಥ ಗಲ್ಲಿ ಇಲ್ಲ ಅಂತ ಕಾಣುತ್ತದೆ, ನೇರ ಹಿತ್ತಿಲಿಗೆ ಹಿತ್ತಿಲು. ಹಾಗಾದರೆ ಆ ಗಲ್ಲಿಯ ಕೆಲಸ ನಿಮ್ಮ 5 ಮೀಟರೇ ಮಾಡಬೇಕು. ಅಲ್ಲಿ ಶೆಡ್ಡು, ಮೀಟರ್ ರೂಮು, ಐರನ್ ಅಂಗಡಿ ಏನೂ ಬರಬಾರದು. ಕಾಗದದಲ್ಲಿ ಬಿಟ್ಟು ಆಮೇಲೆ ಶೀಟು ಹಾಕಿ ಮುಚ್ಚೋದನ್ನ ಎಷ್ಟು ನೋಡಿದ್ದೇನೋ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಮರೆಯಬೇಡಿ. ಜಾಗ 500 ಚದರ ಮೀಟರ್ ದಾಟಿ, ಎಂಟಕ್ಕಿಂತ ಜಾಸ್ತಿ ಫ್ಲ್ಯಾಟೂ ಇದ್ದರೆ ನೋಂದಣಿ ಆಗಬೇಕು. ನಿಮ್ಮದು 890 ಚದರ ಮೀಟರ್, ಹನ್ನೆರಡು ಫ್ಲ್ಯಾಟು. ನಿಮ್ಮ ಪಾಲಿನ ಫ್ಲ್ಯಾಟು ಮಾರೋದಾದರೆ ಜಾಗ ಕೊಟ್ಟ ನಿಮ್ಮ ಮೇಲೂ ಜವಾಬ್ದಾರಿ ಬರುತ್ತದೆ, ಬಿಲ್ಡರ್ ಮೇಲೆ ಹಾಕಿ ಕೈ ತೊಳೆದುಕೊಳ್ಳೋಕೆ ಆಗಲ್ಲ. ವಕೀಲರಿಗೆ ಅಗ್ರಿಮೆಂಟ್ ತೋರಿಸಿ.

ನೆರೆಯವರ ವಿಷಯದಲ್ಲಿ ನೀವು ಏನೇ ಒಪ್ಪಿಕೊಂಡರೂ ಅದು ಅಗ್ರಿಮೆಂಟಿನ ಜೊತೆ ಇರೋ ಡ್ರಾಯಿಂಗಲ್ಲಿ ಬರಲಿ. ಬಾಯಿಮಾತು ಸೆಂಟ್ರಿಂಗ್ (ಸ್ಲ್ಯಾಬಿಗೆ ಕೊಡೋ ಹಲಗೆ ಆಸರೆ) ಬಿಚ್ಚೋವರೆಗೂ ನಿಲ್ಲಲ್ಲ.

ನಕ್ಷೆಪುಟ್ಟ

ಟೇಪು ಸಾರ್ ಹೇಳಿದ್ದು ನೂರಕ್ಕೆ ನೂರು.

ಯುಟಿಲಿಟಿ ಬಾಲ್ಕನಿ ಬಗ್ಗೆ ಹೇಳೋದು ಮರೆತಿದ್ದೆ. ನನ್ನ ಸಲಹೆ, ಉತ್ತರದ ಉದ್ದಕ್ಕೂ ಕಾಮನ್ ಕಾರಿಡಾರ್ ತನ್ನಿ, ಹೊರಗೆ ಸಿಮೆಂಟ್ ಜಾಲಿ ಕೂರಿಸಿ. ಗಾಳಿ ಆಡುತ್ತದೆ, ಕೆಳಗಿನ ಹಿತ್ತಿಲು ಕಾಣಲ್ಲ. ಮನೆಗಳ ಹಾಲು, ಬಾಲ್ಕನಿ ಎಲ್ಲ ಮೇನ್ ರೋಡಿನ ಕಡೆ.

ಗಾರೆಕೈ

ಇಲ್ಲ ಸಾರ್, ಇದು ಒಪ್ಪಲ್ಲ. ಡ್ರಾಯಿಂಗಲ್ಲಿ ಚೆನ್ನಾಗಿ ಕಾಣುತ್ತದೆ. ಕಾರಿಡಾರ್ ಅಂದರೆ ರಾತ್ರಿಯೆಲ್ಲ ಲೈಟು, ಚಪ್ಪಲಿ ಸ್ಟ್ಯಾಂಡು, ಫೋನಲ್ಲಿ ಮಾತಾಡೋರು, ಮಕ್ಕಳ ಸೈಕಲ್ಲು. ಮೂರು ಫ್ಲ್ಯಾಟಿನ ಗಲಾಟೆ ಎಲ್ಲ ಅಜ್ಜಿ ಕಡೆಗೇ ಹರಿಯುತ್ತದೆ. ಮತ್ತೆ ಕಟ್ಟಡದ ಆಳ 14.4 ಮೀಟರ್. ಒಂದೇ ಕಡೆ ಕಾರಿಡಾರ್ ಇಟ್ಟರೆ ಮನೆ 12 ಮೀಟರ್‌ಗಿಂತ ಜಾಸ್ತಿ ಆಳ ಆಗುತ್ತದೆ, ನಡುವಿನ ರೂಮು ಕತ್ತಲೆ ಕೋಣೆ. ಅದಕ್ಕಿಂತ ಉತ್ತರಕ್ಕೆ ಬೆಡ್‌ರೂಮ್ ಇಡಿ, ಕಿಟಕಿ ನಾಲ್ಕೂವರೆ ಅಡಿ ಮೇಲಿಂದ ಶುರುವಾಗಲಿ, ಅಗಲವಾಗಿರಲಿ. ಮಲಗೋ ಕೋಣೆಯಲ್ಲಿ ಜನ ಪರದೆ ಹಾಕಿಕೊಂಡೇ ಇರುತ್ತಾರೆ. ಬಚ್ಚಲು, ಯುಟಿಲಿಟಿಗೆ ಒಳಗೆ ಡಕ್ಟು, ಅಂದರೆ ಗಾಳಿಗೆ, ಪೈಪಿಗೆ ಮೇಲಿಂದ ಕೆಳಗಿನವರೆಗೆ ಬಿಡೋ ಖಾಲಿ ಜಾಗ.

ನಕ್ಷೆಪುಟ್ಟ

ಆಳದ ವಿಷಯ ಸರಿ, ಸೋತೆ. ಆದರೆ ನಾಲ್ಕೂವರೆ ಅಡಿ ಕಿಟಕಿಯ ರೂಮು ಜೈಲಿನ ಹಾಗಿರುತ್ತದೆ ಅಂತ ಕೊಳ್ಳೋರು ಗೊಣಗುತ್ತಾರೆ. ಕೆಳಗಿನ ಭಾಗಕ್ಕೆ ತೆರೆಯೋಕೆ ಬಾರದ ಹಾಲುಗಾಜು, ಮೇಲಿನದು ತೆರೆಯೋ ಕಿಟಕಿ ಮಾಡಿ. ಬೆಳಕು ಬರುತ್ತದೆ, ಕೆಳಗೆ ಇಣುಕೋಕೆ ಆಗಲ್ಲ. ಮೇಲಿನ ಟೆರೇಸಿನ ಅಂಚಿಗೆ ಮೂರು ಅಡಿ ಅಗಲದ ಗಿಡದ ತೊಟ್ಟಿ ಕಟ್ಟಿಸಿ, ಗ್ರಿಲ್ಲಿಗೆ ಒರಗಿ ನಿಂತು ಕಾಫಿ ಕುಡಿಯುತ್ತ ಕೆಳಗೆ ನೋಡೋದು ತಪ್ಪುತ್ತದೆ. ತೊಟ್ಟಿಯ ತೂಕ ಸ್ಟ್ರಕ್ಚರಲ್ ಇಂಜಿನಿಯರಿಗೆ ಮೊದಲೇ ಹೇಳಿ.

ಇನ್ನೊಂದು. ಇಷ್ಟೆಲ್ಲ ಇಲ್ಲಿ ಬರೆಯೋದಕ್ಕಿಂತ ಒಂದು ಭಾನುವಾರ ಬೆಳಿಗ್ಗೆ ಗ್ಯಾಸ್ ಬಲೂನು ತಗೊಂಡು ಹೋಗಿ. ಕಟ್ಟಡದ ಎತ್ತರಕ್ಕೆ ದಾರ ಅಳೆದು ಹಿಂದಿನ ಗೋಡೆ ಬರೋ ಜಾಗದಲ್ಲಿ ಹಾರಿಸಿ. ಪ್ಯಾರಾಪೆಟ್ ಸೇರಿ 15.7 ಮೀಟರ್, ಐವತ್ತೊಂದೂವರೆ ಅಡಿ. ನಕ್ಷೆ ಯಾರಿಗೂ ಅರ್ಥ ಆಗಲ್ಲ, ಬಲೂನು ಎಲ್ಲರಿಗೂ ಅರ್ಥ ಆಗುತ್ತದೆ.

ಹಳೇಮನೆ ಹುಡುಗ

ಮೂರು ವಾರ ಆಯಿತು, ಕ್ಷಮಿಸಿ. ನಡೆದದ್ದು ಹೇಳುತ್ತೇನೆ.

ಬಲೂನು ಮಾಡಿದೆವು. ಅರಮನೆ ಮುಂದೆ ಮಾರುವವರ ಹತ್ತಿರ ಹನ್ನೆರಡು ತಂದೆ, ಆರು ಕೆಂಪು, ಆರು ಹಳದಿ. ಟ್ವೈನ್ ದಾರ ಕಟ್ಟಿದರೆ ಭಾರಕ್ಕೆ ಮೇಲೇ ಏಳಲಿಲ್ಲ. ಅಮ್ಮ ಹೊಲಿಗೆ ಮೆಷಿನ್ನಿನ ದಾರ ಕೊಟ್ಟರು, ಅದರಲ್ಲಿ ಹತ್ತಡಿಗೊಂದು ಗಂಟು ಹಾಕಿದೆ. ಕೆಂಪು ಗೊಂಚಲು 5 ಮೀಟರ್ ಸೆಟ್‌ಬ್ಯಾಕ್ ಗೆರೆಯಲ್ಲಿ, ಹಳದಿ ಅದಕ್ಕಿಂತ 3 ಮೀಟರ್ ಒಳಗೆ, ಎರಡೂ ಐವತ್ತೊಂದೂವರೆ ಅಡಿಗೆ. ಬೆಳಿಗ್ಗೆ ಎಂಟು ಗಂಟೆಗೆ ಗಾಳಿ ಇರಲಿಲ್ಲ, ನೆಟ್ಟಗೆ ನಿಂತವು. ಬೀದಿ ಮಕ್ಕಳೆಲ್ಲ ಹುಟ್ಟುಹಬ್ಬ ಅಂದುಕೊಂಡು ಬಂದರು. ಚಿಕ್ಕಪ್ಪ ನನ್ನನ್ನ ನೋಡಿದ ನೋಟ ಬೇಡ.

ಆಮೇಲೆ ಅಜ್ಜಿ ಟೆರೇಸ್ ಹತ್ತಿ ಸೋಲಾರ್ ಪ್ಯಾನೆಲ್ಲಿನ ಪಕ್ಕ ಕೂತೆ. ಕೈ ಅಡ್ಡ ಹಿಡಿದು, ಹಳೇ ಎಕ್ಸ್‌ರೇ ಹಾಳೆ ಕಣ್ಣಿಗೆ ಹಿಡಿದು ಸೂರ್ಯ ಬಲೂನಿಗಿಂತ ಮೇಲಿದ್ದಾನಾ ಕೆಳಗಿದ್ದಾನಾ ನೋಡೋದು. (ಎಕ್ಸ್‌ರೇ ಹಾಳೆ ಕಣ್ಣಿಗೆ ಒಳ್ಳೆಯದಲ್ಲ ಅಂತ ಆಮೇಲೆ ತಂಗಿ ಬೈದಳು. ನೀವು ಹಾಗೆ ಮಾಡಬೇಡಿ, ಪ್ಯಾನೆಲ್ಲಿನ ಹತ್ತಿರ ಕೋಲು ನಿಲ್ಲಿಸಿ ನೆರಳಿನಿಂದ ಕೋನ ತೆಗೆದರೆ ಸಾಕು.) ನಕ್ಷೆಪುಟ್ಟ ಸಾರ್ ಕಂಪ್ಯೂಟರಲ್ಲೂ ಹಾಕಿ ನೋಡಿದರು, ಅವರಿಗೆ ದೊಡ್ಡ ಧನ್ಯವಾದ. ಡಿಸೆಂಬರಿನಲ್ಲಿ ಗೋಡೆ ನೇರ ಎದ್ದರೆ ಅಜ್ಜಿ ಪ್ಯಾನೆಲ್ಲಿಗೆ ಬಿಸಿಲು ಬರೋದು ಒಂಬತ್ತೂ ಮುಕ್ಕಾಲರ ಸುಮಾರಿಗೆ. ಮೇಲಿನ ಫ್ಲೋರು 3 ಮೀಟರ್ ಒಳಗೆ ಹೋದರೆ ಒಂಬತ್ತಕ್ಕೆ ಮುಂಚೆಯೇ. ಮುಕ್ಕಾಲು ಗಂಟೆಗಿಂತ ಜಾಸ್ತಿ ಬಿಸಿಲು ಬರೀ ಆ ಒಂದು ಮೆಟ್ಟಿಲಿನಿಂದ ಸಿಗುತ್ತದೆ. ಹಿತ್ತಿಲ ನೆಲಕ್ಕೆ ಮಾತ್ರ ಪೂರ್ತಿ ಉಳಿಸೋಕೆ ಆಗಲ್ಲ. ಅವರ ಹಿಂದಿನ ಗೋಡೆಯ ಬುಡಕ್ಕೆ ನೇರ ಕಟ್ಟಿದರೆ ಚಳಿಗಾಲದಲ್ಲಿ ನಾಲ್ಕು ತಿಂಗಳು ಬಿಸಿಲಿಲ್ಲ, ಇಳಿಸಿ ಕಟ್ಟಿದರೆ ಮೂರು ತಿಂಗಳು.

ಇದನ್ನ ಅಜ್ಜಿಗೆ ತಪ್ಪು ಮಾಡಿದವನ ಹಾಗೆ ಹೇಳಿದೆ. ಅವರು ಒಗೆಯೋ ಕಲ್ಲಿನ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. "ಹಿತ್ತಿಲಿಗೆ ಬಿಸಿಲು ಇಲ್ಲದಿದ್ದರೆ ಪಾಚಿ ಕಟ್ಟುತ್ತೆ, ಉಜ್ಜಿದರಾಯಿತು ಕಣೋ. ನಾನು ಇಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿರುತ್ತೀನಲ್ಲ, ಮೇಲಿಂದ ಯಾರಾದರೂ ನೋಡುತ್ತಾರಾ ಹೇಳು" ಅಂದರು. ನಾವು ವಾರಗಟ್ಟಲೆ ಡಿಗ್ರಿ ಲೆಕ್ಕ ಹಾಕಿದ್ದೆವು. ಹಾಲುಗಾಜಿನ ವಿಷಯ ಬಿಡಿಸಿ ಹೇಳಿದೆ. ಮೇಲಿನ ಕಿಟಕಿ ಎಷ್ಟು ಎತ್ತರ ಅಂತ ಗೋಡೆ ಮೇಲೆ ಕೈಯಿಟ್ಟು ತೋರಿಸು ಅಂದರು. ತೋರಿಸಿದೆ. ಇನ್ನೂ ಸ್ವಲ್ಪ ಮೇಲೆ ಅಂದರು. ಅವರ ಲೆಕ್ಕದಲ್ಲಿ ಐದಡಿ.

ಮೇಷ್ಟ್ರದು ಬೇರೆಯೇ. ಅವರ ಮಹಡಿಯಿಂದ ನೋಡಿದರೆ ಚಾಮುಂಡಿ ಬೆಟ್ಟ ಕಾಣುತ್ತದೆ, ರಾತ್ರಿ ದಾರಿಯ ದೀಪ ಸಾಲಾಗಿ ಕಾಣುತ್ತದೆ. ಕೆಂಪು ಬಲೂನು ಸರಿಯಾಗಿ ಬೆಟ್ಟಕ್ಕಿಂತ ಮೇಲೆ ನಿಂತಿತ್ತು. ಹಳದಿಯೂ ಅಷ್ಟೇ. ಐದು ಫ್ಲೋರು ತೆಗೆದು ನಾಲ್ಕು ಮಾಡಿದರೂ, ಒಳಗೆ ಎಳೆದರೂ ಬೆಟ್ಟ ಹೋಗುತ್ತದೆ, ಅದಕ್ಕೆ ಉತ್ತರ ಇಲ್ಲ. ಮೇಷ್ಟ್ರು ತುಂಬ ಹೊತ್ತು ನೋಡಿದರು. ಆಮೇಲೆ "ನಾನು ಮಹಡಿ ಕಟ್ಟಿಸಿದಾಗ ನನ್ನ ಹಿಂದಿನವರಿಗೂ ಹೋಗಿರಬೇಕು, ನಾನು ಕೇಳಿರಲಿಲ್ಲ" ಅಂದು ಕೆಳಗಿಳಿದರು. ಅದನ್ನ ಸಮಾಧಾನ ಅನ್ನಬೇಕೋ ಏನೋ ಗೊತ್ತಾಗಲಿಲ್ಲ.

ಬಿಲ್ಡರ್ ಹತ್ತಿರ ಹೋದಾಗ ಮೊದಲು 1532, 1525 ಬರೆದು ತೋರಿಸಿದೆ. ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಒತ್ತಿದರು. ಅವರ ಡ್ರಾಯಿಂಗಲ್ಲಿ ಹಿಂದೆ ಇದ್ದದ್ದು 4 ಮೀಟರ್, ಟೇಪು ಸಾರ್ ನಕ್ಕಿರಬಹುದು. ಐದನೇ ಫ್ಲೋರು ಬಿಟ್ಟರು. ಮೇಲಿನ ಟೆರೇಸಿಗೆ ತಾವೇ ಖುಷಿಯಾಗಿ ಒಪ್ಪಿದರು, ಬ್ರೋಶರಿಗೆ ಹೆಸರೂ ಇಟ್ಟಾಯಿತು. ಜನರೇಟರ್ ಆಗ್ನೇಯ, ಟ್ಯಾಂಕು ನೈಋತ್ಯ, ತಕರಾರಿಲ್ಲ. ಯುಟಿಲಿಟಿ ಒಳಗಿನ ಡಕ್ಟಿಗೆ. ವಾಚ್‌ಮನ್ ರೂಮಿಗೆ ಮಾತ್ರ ಜಗಳ ಆಯಿತು. ಮುಂದೆ ಇಟ್ಟರೆ ಒಂದು ಕಾರು ಪಾರ್ಕಿಂಗ್ ಹೋಗುತ್ತದೆ ಅಂತ ಹಠ. ಕೊನೆಗೆ ಆ ಒಂದು ಪಾರ್ಕಿಂಗ್ ನಮ್ಮ ಪಾಲಿನಲ್ಲಿ ಬಿಟ್ಟುಕೊಟ್ಟೆವು. ಅಪ್ಪನ ಹತ್ತಿರ ಇರೋದು ಸ್ಕೂಟರು.

ಪಶ್ಚಿಮದ ಡೂಪ್ಲೆಕ್ಸಿನವರು ಇನ್ನೂ ಮಾತಿಗೇ ಸಿಕ್ಕಿಲ್ಲ, ವಿದೇಶದಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಬೆಳಗಿನ ನೆರಳು ಜಾಸ್ತಿ ಬೀಳೋದು ಅವರ ಮೇಲೇ. ವಾಟ್ಸಪ್ಪಲ್ಲಿ ಬಲೂನಿನ ಫೋಟೋ ಕಳಿಸಿದ್ದೇನೆ, ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಈಗ ಒಂದು ಪ್ರಶ್ನೆ. ಹಿಂದಿನ 5 ಮೀಟರಲ್ಲಿ ಕಾಂಪೌಂಡಿನ ಉದ್ದಕ್ಕೆ ಏನು ಗಿಡ ಹಾಕಬಹುದು? ಬಿಲ್ಡರ್ ಬಿದಿರು ಅನ್ನುತ್ತಾರೆ.

ಬಿರುಕು ಗೋಡೆ

ಬಿದಿರು ಬೇಡ! ವರ್ಷಪೂರ್ತಿ ಎಲೆ ಉದುರುತ್ತದೆ, ನಮ್ಮ ಕಡೆಯ ಚರಂಡಿ ಕಟ್ಟಿಕೊಳ್ಳುತ್ತದೆ, ಗುಡಿಸೋದು ನಾವು. ನೆಟ್ಟಗೆ ಬೆಳೆಯೋ ಉದ್ದ ಅಶೋಕ ಹಾಕಿ, ಅಗಲ ಹರಡಲ್ಲ. ಅದೂ ಉತ್ತರದವರ ಪ್ಯಾನೆಲ್ಲಿನ ಎತ್ತರ ದಾಟದ ಹಾಗೆ ವರ್ಷಕ್ಕೊಮ್ಮೆ ತುದಿ ಕತ್ತರಿಸಬೇಕು, ಇಲ್ಲದಿದ್ದರೆ ನೀವು ಉಳಿಸಿದ ಬಿಸಿಲನ್ನ ಮರ ತಿನ್ನುತ್ತದೆ.

ಅಜ್ಜಿ ಹೇಳಿದ ಐದಡಿ ಡ್ರಾಯಿಂಗಲ್ಲಿ ಬಂತಾ?

ಹಳೇಮನೆ ಹುಡುಗ

ಬಂತು. ಅಜ್ಜಿ ಕೈಯಿಟ್ಟ ಜಾಗಕ್ಕೆ ಟೇಪು ಹಿಡಿದರೆ ಐದಡಿ ಎರಡಿಂಚು ಇತ್ತು, ಅದನ್ನೇ ಬರೆಸಿದೆ.

ಗಾರೆಕೈ

ಫ್ಲೋರಿಂಗ್ ಆದಮೇಲಿಂದ ಐದಡಿ ಎರಡಿಂಚಾ, ಸ್ಲ್ಯಾಬಿನಿಂದಲಾ? ಅದನ್ನೂ ಬರೆಸಿ. ಟೈಲ್ಸು, ಗಾರೆ ಸೇರಿ ಮೂರಿಂಚು ನುಂಗುತ್ತದೆ.